ಗೋಡೆಯ ಸಂದಿನ ಬೀಗದ ಕೈ

ನೆಸ್ ತೋಟ, ಹಾರ್ಡಂಗರ್
ಜೂನ್ 12, 1954

ಪ್ರೀತಿಯ ತೊರ್ಕೆಲ್ ಅಣ್ಣನಿಗೆ,

ನಿನ್ನ ಕೆಮ್ಮು ಹೇಗಿದೆ? ನಾನು ಹೆಣೆದು ಕಳಿಸಿದ ಕಾಲುಚೀಲ ಸರಿಹೋಯಿತೇ? ಈ ಸಲವೂ ಹಡಗುಗಳು ನೀನಿಲ್ಲದೆ ಬಂದವು. ಇನ್ನೊಂದು ಚಳಿಗಾಲ ಆ ತಿಮಿಂಗಿಲ ಬೇಟೆಯ ನೆಲೆಯಲ್ಲೇ ಕಳೆಯುತ್ತೀಯಂತೆ. ಅಪ್ಪ ಮೇಜಿನ ಮೇಲಿದ್ದ ನಿನ್ನ ತಟ್ಟೆಯನ್ನು ತೆಗೆದಿಟ್ಟರು, ಅಷ್ಟೆ. ಅವರ ಮಂಡಿನೋವು ಹಾಗೇ ಇದೆ. ಸೇಬಿನ ಹೂವುದುರಿ ಕಾಯಿ ಕಚ್ಚಿದೆ. ನಾನು ಕಟ್ಟಿದ ನಲವತ್ತು ಕಸಿಗಳಲ್ಲಿ ಮೂವತ್ತೇಳು ಚಿಗುರಿವೆ. ನೀನಿದ್ದರೆ ನಂಬುತ್ತಿರಲಿಲ್ಲ.

ಐದು ವಾರದ ಹಿಂದೆ ಐವಿನ್ ಎಂಬ ಹುಡುಗ ಕೆಲಸ ಕೇಳಿಕೊಂಡು ಬಂದ. ಬರ್ಗೆನ್ನಿನವನು, ಹೈಸ್ಕೂಲು ಮುಗಿಸಿದವನು. ಏಳನೇ ತರಗತಿಗೇ ಶಾಲೆ ಬಿಟ್ಟ ನನ್ನಂಥವಳು ತೋಟದಲ್ಲಿ ಉಳಿಯುವುದು ಸರಿ. ಪೇಟೆಯಲ್ಲಿ ಬೇಕಾದ ಕೆಲಸ ಸಿಗುವ ಅವನು ನಮ್ಮ ಇಳಿಜಾರಿನಲ್ಲಿ ಯಾಕೆ ಗೊಬ್ಬರ ಹೊರಬೇಕು? ಪಕ್ಕದ ತೋಟದ ಸಿನ್ನೊವೆ ಅತ್ತೆ ನಕ್ಕರು, "ಓದಿದ ಗಂಡು ಗೊಬ್ಬರ ಹೊರ್ತಾನೆ ಅಂದ್ರೆ ಆ ಮನೇಲಿ ಹುಡುಗಿ ಇರ್ಬೇಕು ಕಣೇ ಗುರೋ" ಅಂತ. ನನ್ನ ಅನುಮಾನ ಬೇರೆ. ಅವನು ತೋಟದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಪ್ರತಿ ಶನಿವಾರ ಒಂದು ಕಾಗದ ಬರೆದು, ಯಾರ ಕೈಗೂ ಕೊಡದೆ ತಾನೇ ದೋಣಿಕಟ್ಟೆಗೆ ಒಯ್ಯುತ್ತಾನೆ. ಕಳೆದ ಮಂಗಳವಾರ ಹಣ್ಣಿನ ನೆಲಮಾಳಿಗೆ ತೆರೆಯಬೇಕಿತ್ತು. ನಾನು ಹೇಳುವ ಮೊದಲೇ ಅವನು ಕಲ್ಲುಗೋಡೆಯ ಮೂರನೇ ಸಂದಿಗೆ ಕೈ ಹಾಕಿ ಬೀಗದ ಕೈ ತೆಗೆದ. ಆ ಜಾಗ ಅಪ್ಪನಿಗೆ, ನನಗೆ, ನಿನಗೆ ಬಿಟ್ಟರೆ ಇನ್ನಾರಿಗೆ ಗೊತ್ತು?

ನನಗೆ ಎದುರೆದುರು ಮಾತಾಡಲು ಬರುವುದಿಲ್ಲ, ನಿನಗೆ ಗೊತ್ತಲ್ಲ. ಎರಡು ದಿನ ಮಾತು ಕೂಡಿಸಿಕೊಂಡು ಕೇಳಿದೆ. ಅವನು ಕಿವಿಯವರೆಗೂ ಕೆಂಪಾದ. "ತೊರ್ಕೆಲ್ ಜೊತೆ ಎರಡು ವರ್ಷ ಹಡಗಲ್ಲಿದ್ದೆ. ಮಲಗೋವಾಗ ದಿನಾ ಈ ತೋಟದ್ದೇ ಮಾತು" ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಹೇಳ್ಬೇಡ ಅಂದಿದ್ದ." ಹಾಗಾದರೆ ಹಣ್ಣಿನ ತೋಟವೇ ಯಾಕೆ ಬೇಕಾಯಿತು ಎಂದೆ. "ಆ ಹಡಗಲ್ಲಿ ನಾನು ಚಾಕು ಹಾಕಿದ್ದೆಲ್ಲ ಸತ್ತ ತಿಮಿಂಗಿಲಕ್ಕೇ, ಗುರೋ. ಇಲ್ಲಿ ನೀನು ಚಾಕು ಹಾಕಿದ್ದು ಚಿಗುರ್ತಿದೆ" ಎಂದ. ಇಷ್ಟು ಚೆನ್ನಾಗಿ ಮಾತಾಡುವವರನ್ನು ನಾನು ಬೇಗ ನಂಬುವುದಿಲ್ಲ. ಆದರೆ ಅವನು ಕಟ್ಟಿದ ಹನ್ನೆರಡರಲ್ಲಿ ಒಂಬತ್ತು ಚಿಗುರಲೇ ಇಲ್ಲ. ಆದರೂ ದಿನ ಬೆಳಗಾದರೆ ಹೋಗಿ ಮಂಡಿಯೂರಿ ಒಂದೊಂದನ್ನೂ ನೋಡಿ ಬರುತ್ತಾನೆ. ಅದು ನಟನೆಯಲ್ಲ. ಹಾಗಾಗಿ ಈಗ ನನ್ನ ಅನುಮಾನ ಅವನ ಮೇಲಿಲ್ಲ ಅಣ್ಣಾ, ನಿನ್ನ ಮೇಲಿದೆ.

ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ. ಗಾಳಿಗೆ ಹೋಗುವಾಗ ಕಿವಿ ಮುಚ್ಚಿಕೋ.

ನಿನ್ನ ತಂಗಿ,
ಗುರೋ

ಮರೆತದ್ದು: ದೋಣಿ ಬರುತ್ತಿದೆ. ಐವಿನ್ ಕೈಯಲ್ಲಿರುವ ಕಾಗದದ ಮೇಲೆ ನಿನ್ನ ಹೆಸರು ಕಂಡೆ. ಒಡೆದು ನೋಡಲಿಲ್ಲ. ಈ ತೋಟ ನನ್ನೊಬ್ಬಳ ಕೈಲಿ ಆಗುತ್ತದೋ ಇಲ್ಲವೋ ಎಂದು ತಿಳಿಯಲು ಅವನನ್ನು ಕಳಿಸಿದೆಯಾ? ಅಥವಾ ಮಾರುವ ಮುಂಚೆ ಅಳೆಸುತ್ತಿದ್ದೀಯಾ? ನನ್ನನ್ನೇ ಕೇಳಬಹುದಿತ್ತು. ನೀನು ಬರುವುದಾದರೆ ಬಾ, ಹಿರಿಮಗನ ಹಕ್ಕು ನಿನ್ನದು, ನಾನು ಪಕ್ಕಕ್ಕೆ ಸರಿಯುತ್ತೇನೆ. ಬರದಿದ್ದರೆ ಆ ಹಕ್ಕನ್ನು ತಂಗಿಗೆ ಬಿಟ್ಟಿದ್ದೇನೆಂದು ಬರೆದು ಸಹಿ ಹಾಕಿ ಕಳಿಸು. ಈ ಕಸಿಗಳು ಹಣ್ಣು ಬಿಡಲು ಆರು ವರ್ಷ ಬೇಕು. ಯಾರ ತೋಟದಲ್ಲಿ ಕಟ್ಟಿದ್ದೇನೆಂದು ನನಗೆ ಈ ವರ್ಷವೇ ಗೊತ್ತಾಗಬೇಕು. ಬೀಗದ ಕೈಯನ್ನು ಬೇರೆ ಸಂದಿನಲ್ಲಿ ಇಟ್ಟಿದ್ದೇನೆ.