ಬೆಳ್ಳಿ ಹಿಡಿಯ ಕೈಗೋಲು

ಕಾರ್ಯಾಗಾರ
ಸೋಮವಾರ, ಮಧ್ಯಾಹ್ನ

ಚಿರಂಜೀವಿ ಸೊಸೆಗೆ,

ಮಾವನ ಆಶೀರ್ವಾದಗಳು. ಪ್ರತಿ ಪತ್ರದಲ್ಲಿಯೂ ನಿನ್ನ ಹೆಸರಿನ ಹಿಂದೆ ಸೌಭಾಗ್ಯವತಿ ಎಂದು ಬರೆಯುತ್ತಿದ್ದೆ. ಇಂದು ಬರೆಯಹೊರಟು ನಿಲ್ಲಿಸಿದೆ. ನನ್ನ ಮಗನ ಕೈಹಿಡಿದು ನೀನು ಪಡೆದದ್ದನ್ನು ಆ ಪದದಿಂದ ಕರೆಯಲು ನನಗೆ ಮುಖವಿಲ್ಲ.

ನಿನ್ನ ಮೇಜು ಕಿಟಕಿಯ ಬಳಿಯೇ ಇದೆ. ನಿನ್ನ ಬದಲಿಗೆ ಬಂದ ಕೆಲಸಗಾರ ಕೈಗೋಲಿಗೆ ಮೂರು ಲೇಪ ಮೆರುಗೆಣ್ಣೆ ಹಚ್ಚುವಷ್ಟರಲ್ಲಿ "ಸಾಕಲ್ವಾ ಯಜಮಾನ್ರೇ?" ಎನ್ನುತ್ತಾನೆ. ನೀನು ಹನ್ನೊಂದನೆಯ ಲೇಪ ಆರುವವರೆಗೆ ನನ್ನನ್ನೂ ಹತ್ತಿರ ಬಿಡುತ್ತಿರಲಿಲ್ಲ. ಗಿರಾಕಿಗಳ ಬೆನ್ನ ಹಿಂದೆ ನೀನು ಆಡುತ್ತಿದ್ದ ಮಾತೂ ನೆನಪಾಗುತ್ತದೆ: "ನಮ್ಮ ಅಂಗಡಿಗೆ ಬರೋರಿಗೆಲ್ಲ ಕಾಲು ಕಂಬದ ಹಾಗೆ ಗಟ್ಟಿ ಮಾವ. ನಿಜವಾಗ್ಲೂ ಕುಂಟೋರು ಗೋಡೆ ಹಿಡ್ಕೊಂಡು ಹೋಗ್ತಾರೆ."

ಹೌದು, ನಾವು ಮಾರುತ್ತಿದ್ದುದು ಗತ್ತನ್ನು. ನಿಮ್ಮ ಮದುವೆಗೆಂದು ಮಗನಿಗೆ ಆ ಕೈಗೋಲನ್ನು ಮಾಡಿಕೊಟ್ಟದ್ದೂ ಅದಕ್ಕಾಗಿಯೇ. ಹೆಬ್ಬೆರಳ ಗಾತ್ರದ ಕರಿಮರದ ಕೋಲು, ಬೆಳ್ಳಿಯ ಹಿಡಿ. ಬೀಸಿ ನಡೆದಾಗ ಸೊಗಸಾಗಿ ತೂಗಲೆಂದು ಹಿಡಿಯೊಳಗೆ ಸೀಸ ತುಂಬಿದೆ. ಅದನ್ನು ಹಿಡಿದು ಅವನು ಬೀದಿಯಲ್ಲಿ ಒಂದು ಸುತ್ತು ಬಂದರೆ ಸಂಜೆಗೆ ಇಬ್ಬರು ಹೊಸ ಗಿರಾಕಿಗಳು ಬರುತ್ತಿದ್ದರು. ನಾನು ಹೊಸಿಲಲ್ಲಿ ನಿಂತು ಬೀಗುತ್ತಿದ್ದೆ.

ಮದುವೆಯಾದ ಎರಡನೆಯ ವರ್ಷ ಆ ಕೋಲು ನನ್ನ ಮುಂದೆ ಬಂತು. ಹಿಡಿಯ ಕೆಳಗೆ, ಬೆಳ್ಳಿಪಟ್ಟಿಯ ಅಂಚಿನಲ್ಲಿ ಬಿರುಕು. "ಬಾಗಿಲ ಸಂದಿಗೆ ಸಿಕ್ಕಿಕೊಳ್ತು ಅಪ್ಪಾ, ಸಂಜೆಯೊಳಗೆ ಬೇಕು" ಎಂದ. ಅಂದು ನೀನು ಮಹಡಿಯಿಂದ ತಡವಾಗಿ ಇಳಿದು ಬಂದೆ. ಕತ್ತು ಹೊರಳಿಸಲಾಗುತ್ತಿರಲಿಲ್ಲ. ಏನಾಯಿತೆಂದು ನಾನು ಕೇಳಿದೆ. "ಮಲಗಿದ್ದು ಸರಿಯಾಗಿಲ್ಲ ಮಾವ, ಹಿಡ್ಕೊಂಡಿದೆ" ಎಂದೆ. ಬಿಸಿ ಬಟ್ಟೆಯ ಶಾಖ ಕೊಟ್ಟುಕೊಳ್ಳಲು ಹೇಳಿ ನಾನು ಕೆಲಸಕ್ಕೆ ತಿರುಗಿದೆ.

ಕೆಲಸವನ್ನು ಮಾತ್ರ ಚೊಕ್ಕವಾಗಿ ಮಾಡಿದೆ. ಬಿರುಕಿಗೆ ಅಂಟು ತುಂಬಿದೆ. ಅಷ್ಟಕ್ಕೇ ಬಿಡಲಿಲ್ಲ, ಹಿಡಿಯನ್ನು ಕಳಚಿ, ಕೋಲಿನ ನಡುವೆ ರಂಧ್ರ ಕೊರೆದು, ಗೇಣುದ್ದದ ಉಕ್ಕಿನ ಸರಳೊಂದನ್ನು ಒಳಗೆ ಕೂರಿಸಿದೆ. ಅದು ನನಗಲ್ಲದೆ ಯಾರಿಗೂ ತಿಳಿಯದು. ಮೇಲಿನ ಮೆರುಗನ್ನು ನೀನೇ ಹಚ್ಚಿದೆ. ಕೋಲನ್ನು ಮಡಿಲಲ್ಲಿಟ್ಟುಕೊಂಡು ನೀನು ಬಿರುಕಿದ್ದ ಜಾಗವನ್ನು ಬೆರಳಿನಿಂದ ಸವರಿದೆ. ಆಮೇಲೆ ಬಟ್ಟೆಯುಂಡೆಯನ್ನು ಎಣ್ಣೆಯಲ್ಲಿ ಅದ್ದಿದೆ.

ಆ ಬಿರುಕು ಹೇಗೆ ಬಂತೆಂಬುದು ಆಗ ನನಗೆ ಹೊಳೆಯಲಿಲ್ಲ. ಕೆಲಸದ ಗುಂಗಿನಲ್ಲಿದ್ದೆ. "ಇನ್ನು ಈ ಜನ್ಮದಲ್ಲಿ ಮುರಿಯಲ್ಲ, ತಗೋ" ಎಂದು ಮಗನ ಕೈಗಿತ್ತೆ.

ಕೋಲು ಮುರಿಯಲಿಲ್ಲ. ನಿನ್ನ ಬಲ ಮೊಣಕೈ ಮುರಿಯಿತು.

ನಿನ್ನ ದೂರು ನ್ಯಾಯಾಲಯಕ್ಕೆ ಬಂದಾಗ, ನೀನು ಮೆಟ್ಟಿಲಿನಿಂದ ಬಿದ್ದೆ ಎಂದು ಅವನ ವಕೀಲರು ವಾದಿಸಿದರು. ಕೋಲು ಮೇಜಿನ ಮೇಲಿತ್ತು, ಒಂದು ಗೀರೂ ಇಲ್ಲದೆ. ಹಿಂದೊಮ್ಮೆ ಬಿರುಕು ಬಿಟ್ಟು ಅಂಟು ಹಾಕಿದ ಕೋಲಿನಿಂದ ಮೂಳೆ ಮುರಿಯುವಂತೆ ಹೊಡೆಯಬಹುದೇ ಎಂದು ನನ್ನನ್ನು ಕೇಳಿದರು. ಅಂಟು ಹಾಕಿದ ಕೋಲು ಅಂಥ ಹೊಡೆತ ತಾಳದು, ಮೊದಲು ಕೋಲೇ ಎರಡಾಗುತ್ತದೆ ಎಂದೆ. ನಲವತ್ತು ವರ್ಷಗಳ ಅನುಭವವುಳ್ಳವರ ಮಾತೆಂದು ನ್ಯಾಯಾಧೀಶರು ಅದನ್ನು ತೀರ್ಪಿನಲ್ಲಿ ಬರೆದು ಅವನನ್ನು ಬಿಡುಗಡೆ ಮಾಡಿದರು. ಸರಳಿನ ವಿಷಯ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ನೀನು ಕುಳಿತಿದ್ದ ಕಡೆಗೆ ಕಣ್ಣು ಹಾಯಿಸಲಿಲ್ಲ. ಹಾಯಿಸಿದ್ದರೆ ನಾಲಗೆ ಸತ್ಯವನ್ನು ಆಡಿಬಿಡುತ್ತಿತ್ತು.

ಹೊರಗೆ ಬಂದಾಗ ಮಗ ನನ್ನ ಬೆನ್ನು ತಟ್ಟಿ, "ನಿಮ್ಮ ಕೆಲಸ ಅಂದ್ರೆ ಕೆಲಸ ಅಪ್ಪಾ" ಎಂದು ನಕ್ಕ. ಅವನ ಆ ನಗುವಿನೊಡನೆ ಒಂದೇ ಸೂರಿನಡಿ ನಾಲ್ಕು ದಿನ ಕಳೆದೆ. ಐದನೆಯ ದಿನ ಆಗಲಿಲ್ಲ.

ತೀರ್ಪಿನ ನಂತರ ಮನೆಗೆ ಮರಳಿದ್ದ ಆ ಕೋಲನ್ನು ಇಂದು ಬೆಳಿಗ್ಗೆ ನಿನ್ನ ವಕೀಲರಿಗೆ ಒಪ್ಪಿಸಿ ಬಂದೆ. ಕ್ಷ-ಕಿರಣದಲ್ಲಿ ಸರಳು ಕಾಣುತ್ತದೆ. ಮೇಲ್ಮನವಿಗೆ ಇನ್ನೂ ಕಾಲಾವಕಾಶವಿದೆಯಂತೆ. ಕಟಕಟೆಯಲ್ಲಿ ನಿಂತು ನಾನೇ ಹೇಳುತ್ತೇನೆ. ಸುಳ್ಳು ಸಾಕ್ಷಿ ನುಡಿದುದಕ್ಕೆ ನನಗೂ ಶಿಕ್ಷೆಯಾಗಬಹುದೆಂದು ವಕೀಲರು ಎಚ್ಚರಿಸಿದರು. ಆಗಲಿ ಎಂದೆ. ಮಗನಿಗೆ ಇನ್ನೂ ತಿಳಿಸಿಲ್ಲ. ಮುಂಭಾಗದ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಬೇರೊಂದು ಕೋಲು ಬೀಸುವ ಸೊಗಸನ್ನು ತೋರಿಸುತ್ತಿದ್ದಾನೆ. ಅವನ ದನಿ ಇಲ್ಲಿಗೆ ಕೇಳುತ್ತಿದೆ. ಹೆತ್ತ ಕರುಳು ಈಗಲೂ ಆ ದನಿಗೆ ಓಗೊಡುತ್ತದೆ, ಏನು ಮಾಡಲಿ.

ನಿನ್ನ ಕೈ ಇನ್ನು ಪೂರ್ತಿ ಮಡಚಲು ಬಾರದೆಂದು ನಿನ್ನ ಅಕ್ಕ ತಿಳಿಸಿದಳು. ಮರಳಿ ಬಾ ಎನ್ನುವುದಿಲ್ಲ. ಕ್ಷಮಿಸು ಎಂದು ಕೇಳುವ ಯೋಗ್ಯತೆಯೂ ನನಗಿಲ್ಲ. ಈ ಪತ್ರವನ್ನು ಹರಿಯಬೇಡ, ವಕೀಲರಿಗೆ ಕೊಡು.

ಇತಿ,
ನಿನ್ನಿಂದ ಮಾವ ಎನಿಸಿಕೊಂಡಿದ್ದವನು

ತಾ. ಕ.: ವಕೀಲರಿಗೆ ಕೊಡುವ ಪತ್ರದಲ್ಲಿ ಸುಳ್ಳು ಉಳಿಯಬಾರದು. ಬಿರುಕಿನ ಕಾರಣ ಹೊಳೆಯಲಿಲ್ಲವೆಂದು ಮೇಲೆ ಬರೆದಿದ್ದೇನೆ. ಹೊಳೆದಿತ್ತು. ಬಿರುಕಿನೊಳಗೆ ನಿನ್ನ ತಲೆಗೂದಲಿನ ಉದ್ದನೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಬೆಳಕಿಗೆ ಹಿಡಿದು ನೋಡಿದೆ, ಚಿಮಟದಿಂದ ಎಳೆದು ತೆಗೆದೆ. ಕೂದಲಿದ್ದರೆ ಅಂಟು ಹಿಡಿಯುವುದಿಲ್ಲ.