ಉಗುರುಬಣ್ಣ ಹಚ್ಚಿದ ಬೋಲ್ಟು

ಫೆಬ್ರವರಿ 4, ಬೆಳಿಗ್ಗೆ

ಮತ್ತೆ ಮಡ್‌ಗಾರ್ಡಿನ ಬೋಲ್ಟು! ಹೋದ ವಾರ ತಾನೇ ಹಾಕಿದ್ದು. ಮಾವ ತರಕಾರಿ ಚೀಲ ನೇತುಹಾಕಿಕೊಂಡು ಸೈಕಲ್ ತಳ್ಳಿಕೊಂಡೇ ಬಂದರು. ಈ ಸೆಖೆಯಲ್ಲೂ ತುಂಬು ತೋಳಿನ ಅಂಗಿ. "ಎಲ್ಲೋ ಬಿದ್ದು ಹೋಯ್ತಮ್ಮಾ" ಅಂದರು, ನನ್ನ ಮುಖ ನೋಡದೆ.

ಡಬ್ಬ ತೆಗೆದೆ. ಔಷಧಿ ಅಂಗಡಿಯಲ್ಲಿ ಸ್ಟಾಕ್ ನೋಡುವುದೇ ನನ್ನ ಕೆಲಸ, ಮನೆಯಲ್ಲೂ ಅದೇ ಚಾಳಿ. ಖಾಲಿ ಮಾತ್ರೆ ಬಾಟಲಿಗಳಲ್ಲಿ ಸೈಕಲ್ಲಿನ ಬೋಲ್ಟು, ನಟ್ಟು, ವಾಷರ್, ಸ್ಕ್ರೂ... ಸೈಜಿನ ಪ್ರಕಾರ, ಚೀಟಿ ಅಂಟಿಸಿ. ಇವರಿಗೆ ನಗು. "ಸೈಕಲ್‌ಗೆ ಊಟಕ್ಕೆ ಮುಂಚೆ ಕೊಡ್ತೀಯೋ, ಊಟ ಆದ್ಮೇಲೋ?" ನಗಲಿ. ಒಂದು ಸ್ಕ್ರೂ ನೆಟ್ಟಗೆ ತಿರುಗಿಸಲು ಬಾರದ ಗಂಡ.

ಸಂಜೆ

ಊಟಕ್ಕೆ ಕೂತಾಗ ಇವರು ಶುರು ಮಾಡಿದರು. "ಅಪ್ಪಂಗೆ ಎಪ್ಪತ್ತಾರು. ಆ ಸೈಕಲ್ ಮಾರಿಬಿಡೋಣ." ಮೈ ಉರಿದುಹೋಯಿತು. ಮಾರುಕಟ್ಟೆ, ಕ್ಷೌರದ ಅಂಗಡಿಯಲ್ಲಿ ಕೂರುವ ಗೆಳೆಯರು, ಅಲ್ಲಿನ ಪುಕ್ಕಟೆ ಪೇಪರು — ಮಾವನ ಪ್ರಪಂಚವೇ ಆ ಸೈಕಲ್ ಮೇಲಿದೆ. ನಾನು ಈ ಮನೆಗೆ ಬಂದ ಹೊಸದರಲ್ಲಿ ಅಡುಗೆಮನೆಯಿಂದ ಕರೆದು ಸ್ಪ್ಯಾನರ್ ಹಿಡಿಯಲು ಕಲಿಸಿದವರು ಅವರು. "ರಿಪೇರಿ ನನ್ನ ಹೊಣೆ. ಇನ್ನೊಂದು ಸಲ ದಾರೀಲಿ ಕೈ ಕೊಟ್ರೆ ಮಾರಿ, ನಾನು ಉಸಿರೆತ್ತಲ್ಲ" ಅಂದುಬಿಟ್ಟೆ.

ಮಾವ ತಟ್ಟೆ ನೋಡುತ್ತಾ ಕೂತಿದ್ದರು. ನನ್ನ ಪರವಾಗಿ ಒಂದು ಮಾತಾದರೂ ಆಡಬಾರದೇ?

ಫೆಬ್ರವರಿ 9

ಈ ಸಲ ಚೈನ್ ಕವರಿನ ಸ್ಕ್ರೂ. ಇವರ ಕಣ್ಣಿಗೆ ಬೀಳುವ ಮೊದಲೇ ಹೊಸದು ಹಾಕಿದೆ. ಆಮೇಲೆ ಹಾರ್ಡ್‌ವೇರ್ ಅಂಗಡಿಯವನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದೆ. "ಮೇಡಂ, ನನ್ನ ಮಾಲು ಸರಿಯಾಗೇ ಇದೆ, ನಿಮ್ಮ ರಸ್ತೆ ಸರಿಯಿಲ್ಲ" ಅಂದ. ನನ್ನ ರಸ್ತೆಯಂತೆ! ನಾನೇನು ಹಾಕಿಸಿದ್ದೇನೆಯೇ?

ಬೋಲ್ಟು ಸಡಿಲಾಗದಿರಲೆಂದು ಸ್ಪ್ರಿಂಗ್ ವಾಷರ್ ತಂದು ಹಾಕಿದೆ. ಸೈಕಲ್ಲಿನ ಒಂದೊಂದು ಬೋಲ್ಟನ್ನೂ ಬಿಚ್ಚಿ, ಥ್ರೆಡ್ಡಿಗೆ ಉಗುರುಬಣ್ಣ ಹಚ್ಚಿ ಬಿಗಿದೆ. ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದ ಕೆಂಪು ಬಣ್ಣ. ಒಣಗಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇನ್ನು ಇವು ಸ್ಪ್ಯಾನರ್ ಹಾಕದೆ ಜಪ್ಪಯ್ಯ ಅಂದರೂ ಬರುವುದಿಲ್ಲ.

ಫೆಬ್ರವರಿ 17

ಬಂದಿದೆ. ಕ್ಯಾರಿಯರ್ ಬೋಲ್ಟು. ವಾಷರ್ ಸಮೇತ ಮಾಯ!

ಕೋಪಕ್ಕೆ ಅಳುವೇ ಬಂತು. ಅಷ್ಟರಲ್ಲಿ ಇವರು ಬಾಗಿಲಲ್ಲಿ. "ಏನೋ ಅಂದಿದ್ದೆ ಅಲ್ವಾ? ಉಸಿರೆತ್ತಲ್ಲ ಅಂತ?" ಭಾನುವಾರ ಹಳೇ ಸಾಮಾನಿನವನು ಬರುತ್ತಾನಂತೆ. ಫೋನೂ ಮಾಡಿಯಾಯಿತು.

ಫೆಬ್ರವರಿ 18

ಕೊನೇ ಪ್ರಯತ್ನ, ಹೊಸ ಬೋಲ್ಟು ಹಾಕೋಣ ಎಂದು ಬಾಟಲಿಯನ್ನು ಪೇಪರ್ ಮೇಲೆ ಸುರಿದೆ. ಲೆಕ್ಕಕ್ಕಿಂತ ಒಂದು ಜಾಸ್ತಿ. ಸ್ಟಾಕ್ ಕಡಿಮೆಯಾದರೆ ಕಳ್ಳತನ ಅನ್ನಬಹುದು, ಜಾಸ್ತಿಯಾದರೆ ಏನನ್ನುವುದು?

ಹೊಸ ಬೋಲ್ಟುಗಳ ನಡುವೆ ಒಂದರ ಥ್ರೆಡ್ಡಿನಲ್ಲಿ ಕೆಂಪು. ನನ್ನದೇ ಉಗುರುಬಣ್ಣ! ದಾರಿಯಲ್ಲಿ ಬಿದ್ದುಹೋದ ಕ್ಯಾರಿಯರ್ ಬೋಲ್ಟು. ವಾಷರ್ ಬೇರೆ ಬಾಟಲಿಯಲ್ಲಿ, ಅದರ ಜಾಗದಲ್ಲೇ. ಬೋಲ್ಟಿಗೇನು ಕಾಲು ಬಂತೇ, ಮನೆಗೆ ನಡೆದು ಬರಲು? ಈ ಮನೆಯಲ್ಲಿ ಸ್ಪ್ಯಾನರ್ ಹಿಡಿಯಬಲ್ಲವರು ಇಬ್ಬರೇ. ನಾನು, ಮತ್ತೆ...

ಸಿಟ್ಟು ನೆತ್ತಿಗೇರಿದೆ. ಮಾವನಿಗಾಗಿ ನಾನು ಗಂಡನ ಜೊತೆ ಕಚ್ಚಾಡಬೇಕು, ಅವರು ಹಿಂದಿನಿಂದ ಬಿಚ್ಚುತ್ತಾ ಕೂರಬೇಕು!

ಸಂಜೆ

ಮಾವ ಹಿತ್ತಲಲ್ಲಿ ಒಬ್ಬರೇ ಇದ್ದರು. ಬೋಲ್ಟನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅಂಗಿಯ ತೋಳು ಮಡಚಿ ತೋರಿಸಿದರು. ಮೊಣಕೈಯೆಲ್ಲ ತರಚಿ ಕಪ್ಪಗಾಗಿದೆ.

"ಇಳಿಯೋವಾಗ ಕಾಲು ನೆಲಕ್ಕೆ ಸಿಗ್ತಾ ಇಲ್ಲಮ್ಮ. ಎರಡು ಸಲ ಬಿದ್ದೆ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ ಮಾವ?"

"ಯಾವ ಬಾಯಲ್ಲಿ ಹೇಳ್ಲಿ? ನೀನು ನನಗೋಸ್ಕರ ಅಷ್ಟು ಜಗಳ ಆಡ್ತಿದ್ದೆ. ಸೈಕಲ್ಲೇ ಕೆಟ್ಟೋಯ್ತು ಅಂದ್ರೆ ಇಬ್ಬರ ಮರ್ಯಾದೆನೂ ಉಳಿಯತ್ತೆ ಅಂದ್ಕೊಂಡೆ. ಬ್ರೇಕ್ ಮಾತ್ರ ಮುಟ್ಟಿಲ್ಲ, ನಿನ್ನಾಣೆ."

"ಬಿಚ್ಚಿದ್ದನ್ನ ಎಲ್ಲಾದ್ರೂ ಎಸೆದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಒಳ್ಳೇ ಬೋಲ್ಟು," ಅಂದರು. "ಎಸೆಯೋಕೆ ಕೈ ಬರ್ಲಿಲ್ಲ."

ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಬಂದೆ. ಸಿಟ್ಟು ಮಾತ್ರ ಹಾಗೇ ಇದೆ. ಯಾರ ಮೇಲೆ ಎಂದು ಗೊತ್ತಿಲ್ಲ. ನನ್ನ ಮೇಲೇ ಇರಬೇಕು. ಬೋಲ್ಟು ಬೋಲ್ಟು ಅಂತ ಬಡಿದುಕೊಂಡೆನೇ ಹೊರತು ಅವರ ಮೊಣಕೈ ನೋಡಲಿಲ್ಲ.

ಫೆಬ್ರವರಿ 19

"ಆ ಮಾಡೆಲ್ಲಿನ ಪಾರ್ಟು ಈಗ ಬರೋದೇ ಇಲ್ವಂತೆ. ಮಾರಿಬಿಡಿ. ನೀವು ಹೇಳಿದ್ದೇ ಸರಿ" ಅಂದೆ ಇವರಿಗೆ. ಆ ಮುಖ ನೋಡಬೇಕಿತ್ತು! ಮೀಸೆ ತಿರುವುವುದೊಂದು ಬಾಕಿ. ಹಲ್ಲು ಕಚ್ಚಿ ಸಾರು ಬಡಿಸಿದೆ. ಮಾವ ಇವತ್ತೂ ತಟ್ಟೆಯನ್ನೇ ನೋಡುತ್ತಿದ್ದರು. ಆದರೆ ಎರಡನೇ ಸಲ ಬಡಿಸಿಕೊಂಡರು.

ಫೆಬ್ರವರಿ 23, ಭಾನುವಾರ

ಹಳೇ ಸಾಮಾನಿನವನು ಬಂದಿದ್ದಾನೆ. ಅಂಗಳದಲ್ಲಿ ಇವರ ಚೌಕಾಸಿ ನಡೆದಿದೆ. ಮಾವ ಸೈಕಲ್ ಪಕ್ಕ ಕುಕ್ಕರುಗಾಲಲ್ಲಿ ಕೂತು ಕ್ಯಾರಿಯರ್ ಬೋಲ್ಟು ಬಿಗಿಯುತ್ತಿದ್ದಾರೆ. ಕಿಟಕಿಯಿಂದ ಎಲ್ಲ ಕಾಣುತ್ತಿದೆ.

"ಅಪ್ಪಾ, ಹೇಗೂ ಗುಜರಿಗೆ ಹೋಗೋದು, ಬಿಡಿ" ಅಂದರು ಇವರು. ಪಾರ್ಟು ಎಲ್ಲಿಂದ ಬಂತು ಎಂದು ಕೇಳುವಷ್ಟೂ ತಲೆ ಓಡಲಿಲ್ಲ, ಪುಣ್ಯಾತ್ಮನಿಗೆ.

"ಇರಲಿ ಕಣೋ. ಯಾರಾದ್ರೂ ಓಡಿಸ್ಬಹುದು. ಅವರ ಕಾಲು ನೆಲಕ್ಕೆ ಸಿಗತ್ತೆ."

ಈಗ ನನ್ನನ್ನು ಕೂಗುತ್ತಿದ್ದಾರೆ. "ಮಗಳೇ, ಆ ಉಗುರುಬಣ್ಣ ತಗೊಂಡು ಬಾ."

ಬಾಟಲಿ ಎಡಗೈಯಲ್ಲೇ ಇದೆ. ಇನ್ನೊಂದು ಸಲ ಕೂಗಿದರು. ಹೋದರೆ ಎಲ್ಲರೆದುರು ಅಳು ಬರುತ್ತದೆ. ಹೋಗದಿದ್ದರೆ —