ಅಮ್ಮನ ಬಲಗಡೆ

ಭರಮಸಾಗರ
26 ನವೆಂಬರ್ 2025, ಬುಧವಾರ

ಕೋಡಿಯಮ್ಮ ಕಾಪಾಡಲಿ.

ಸೊಸೆ ಸಹನಾಳಿಗೆ ನಿನ್ನ ಅತ್ತೆ ರೇಣುಕಮ್ಮ ತಲೆ ಸವರಿ ಬರೆಯುವುದು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲ ಸಾಲು ಬರೆಯಬೇಕು ಅಂತ ಶಾಲೆಯಲ್ಲಿ ಕಲಿಸಿದ್ದರು. ಬರೆದೆ, ಹೊಡೆದುಹಾಕಿದೆ. ಮೇಲೆ ಕಾಣುವ ಗೀಟು ಅದೇ.

ನೀನು ತವರಿಗೆ ಅಂತ ಹೊಸದುರ್ಗಕ್ಕೆ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಸೋಮವಾರ ಶಿವಮೊಗ್ಗದ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಬೇಕಂತೆ. ಬಂದರೆ ಇಬ್ಬರೂ ಅಲ್ಲಿ ಮನೆ ಮಾಡೋಣ, ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ, ಆಮೇಲೆ ಕರೆಯಲು ಬರಬೇಡಿ ಅಂತ ನೀನು ಶಿವರಾಜನಿಗೆ ಹೇಳಿದ್ದೂ ನನಗೆ ಗೊತ್ತು. ಅವನು ಹೇಳಲಿಲ್ಲ. ಮೋಟಾರಿಗೆ ತಂತಿ ಸುತ್ತುತ್ತಾ ಫೋನನ್ನು ಸ್ಪೀಕರಿಗೆ ಹಾಕಿದ್ದ. ಊಟದ ಡಬ್ಬಿ ಕೊಡಲು ಹೋದವಳು ಅಂಗಡಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅವನು ಏನಂದ ಅನ್ನುವುದನ್ನೂ ಕೇಳಿಸಿಕೊಂಡೆ. "ಕೋಡಿಯಮ್ಮ ಬಲಕ್ಕೆ ಹೂವು ಕೊಟ್ಟವಳೆ ಸಹನಾ. ಊರು ಬಿಟ್ರೆ ಆಯಮ್ಮನ ಮಾತು ಮೀರ್ದಂಗೆ ಆಗ್ತೈತೆ. ನನ್ ಕೈಲಾಗಲ್ಲ." ನೀನು ಫೋನು ಇಟ್ಟೆ. ಅವನು ಸುತ್ತಿದ ತಂತಿಯನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದ.

ನಾನೂ ನಿನಗೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಉಂಡೆಯಾ ಅಂತ ಕೇಳಿ ಇಟ್ಟುಬಿಟ್ಟೆ. ಬಾಯಲ್ಲಿ ಬರದ್ದು ಕೈಯಲ್ಲಾದರೂ ಬರುತ್ತದೇನೋ ಅಂತ ಕುಳಿತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ನಗಬೇಡ.

ಮದುವೆಯಾಗಿ ಬಂದ ಎರಡನೇ ತಿಂಗಳಲ್ಲಿ, ಹಿತ್ತಲಲ್ಲಿ ಸೊಪ್ಪು ಸೋಸುತ್ತಾ ನೀನು ನನ್ನನ್ನು ಒಂದು ಮಾತು ಕೇಳಿದ್ದೆ. "ಅತ್ತೆ, ಈ ಊರಲ್ಲಿ ನನ್ ವಯಸ್ಸಿನೋರು ಸಾಯಂಕಾಲ ಎಲ್ಲಿಗೆ ಹೋಗ್ತಾರೆ?" ದೇವಸ್ಥಾನಕ್ಕೆ ಅಂದೆ. "ದೇವಸ್ಥಾನಕ್ಕೆ ನೀವು ಹೋಗ್ತೀರ. ನನ್ ವಯಸ್ಸಿನೋರು?" ಅಂದೆ ನೀನು. ಮಾತು ಸಾಕು, ಸೊಪ್ಪು ನೋಡು, ಹುಳ ಐತೆ ಅಂತ ಗದರಿಸಿದೆ. ಹುಳ ಇರಲಿಲ್ಲ.

ನೀನು ಹೋದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಹೋದ ವಾರ ಒಂದು ಸಾಯಂಕಾಲ ದೇವಸ್ಥಾನಕ್ಕೆ ಹೊರಟವಳು ಸುಮ್ಮನೆ ದಾರಿ ಬದಲಿಸಿದೆ. ಬಸ್ ಸ್ಟ್ಯಾಂಡಿಗೆ ಹೋದೆ, ಅಲ್ಲಿಂದ ಕೆರೆ ಏರಿಯ ಮೇಲೆ ನಡೆದೆ. ಹುಡುಗರು ಏರಿಯ ಕಲ್ಲುಗಳ ಮೇಲೆ ಸಾಲಾಗಿ ಫೋನು ಹಿಡಿದು ಕುಳಿತಿದ್ದರು. ಒಬ್ಬ, "ಏನ್ ರೇಣುಕಮ್ಮ, ವಾಕಿಂಗಾ? ಶುಗರ್ ಬಂತಾ?" ಅಂದ. ಎಲ್ಲರೂ ನಕ್ಕರು. ಹೆಣ್ಣುಮಕ್ಕಳು ಕಂಡರು, ಇಲ್ಲವೆನ್ನಲಾರೆ. ಯೂನಿಫಾರ್ಮು ಹಾಕಿದವರು ಕಂಡರು, ಸೊಂಟದಲ್ಲಿ ಕೂಸು ಇಟ್ಟುಕೊಂಡವರು ಕಂಡರು. ನಡುವಿನವರು ಒಬ್ಬರೂ ಇಲ್ಲ. ಐವತ್ತನೇ ವಯಸ್ಸಿಗೆ ಅದು ನನ್ನ ಕಣ್ಣಿಗೆ ಬಿತ್ತು. ಐಮಂಗಲದಿಂದ ಹತ್ತೊಂಬತ್ತನೇ ವಯಸ್ಸಿಗೆ ಈ ಊರಿಗೆ ಬಂದವಳು ನಾನು, ನನಗೂ ಆ ನಡುವಿನದು ಇತ್ತೋ ಇಲ್ಲವೋ ನೆನಪೇ ಆಗಲಿಲ್ಲ.

ಊರನ್ನು ಬರೀ ಬೈದು ಬರೆಯಲು ನನಗೆ ಮನಸ್ಸಿಲ್ಲ. ಶಿವರಾಜ ಕಂಬದಿಂದ ಬಿದ್ದು ಕಾಲು ಮುರಿದುಕೊಂಡಾಗ ಬಸ್ ಸ್ಟ್ಯಾಂಡಿನ ಅಷ್ಟೂ ಅಂಗಡಿಯವರು ಬಾಗಿಲು ಹಾಕಿ ದಾವಣಗೆರೆ ಆಸ್ಪತ್ರೆಗೆ ಬಂದಿದ್ದರು. ಅವನ ಅಂಗಡಿಗೆ ಬೋರ್ಡೇ ಇಲ್ಲ, ಆದರೂ ಹತ್ತು ಹಳ್ಳಿಯ ಪಂಪು ಅಲ್ಲಿಗೇ ಬರುತ್ತದೆ. ಇಲ್ಲಿ ಹುಟ್ಟಿದ ಗಂಡಸಿಗೆ ಊರು ಹೆಗಲ ಮೇಲೆ ಕೈಹಾಕಿ ನಡೆಯುತ್ತದೆ. ಬಂದ ಹೆಣ್ಣುಮಗಳ ಹಿಂದೆ ಮಾತ್ರ ಹತ್ತು ಹೆಜ್ಜೆ ಬಿಟ್ಟು ನಡೆಯುತ್ತದೆ, ಎಲ್ಲಿಗೆ ಹೋಗುತ್ತಾಳೆ ನೋಡೋಣ ಅಂತ. ಅವಳಿಗೆ ವಯಸ್ಸಾದ ಮೇಲೆ ಹಿಂಬಾಲಿಸುವುದನ್ನು ಬಿಡುತ್ತದೆ. ಬೇಗ ಮುದುಕಿಯಾಗಲು ಒಪ್ಪಿದವಳಿಗೆ ನಮ್ಮ ಊರು ಒಳ್ಳೆಯದು ಕಣೆ.

ಆವತ್ತಿನ ವಿಷಯವನ್ನೂ ಬರೆದುಬಿಡುತ್ತೇನೆ. ದಾವಣಗೆರೆ ಲ್ಯಾಬಿನಿಂದ ನೀನು ಬರುವ ಬಸ್ಸು ಕೆಟ್ಟು ನಿಂತು, ಜೊತೆಯಲ್ಲಿ ಕೆಲಸ ಮಾಡುವ ಹುಡುಗ ಬೈಕಿನಲ್ಲಿ ತಂದು ಬಿಟ್ಟ ಸಾಯಂಕಾಲ. ಹೂವಿನ ಓಬಕ್ಕನ ಅಂಗಡಿ ಮುಂದೆ ನಾನಿದ್ದೆ. "ಏನ್ ರೇಣುಕಕ್ಕ, ನಿನ್ ಸೊಸೀಗೆ ಬಸ್ಸಿಗಿಂತ ಬೈಕೇ ಚೆಂದ ಹೊಂದ್ಕಂಡಂಗೈತೆ" ಅಂದಳು ಓಬಕ್ಕ. ಸುತ್ತ ಇದ್ದವರು ನಕ್ಕರು. ನಾನು ಸುಮ್ಮನಿದ್ದೆ ಅಂತ ನೀನು ತಿಳಿದಿದ್ದೀಯ. ಸುಮ್ಮನಿರಲಿಲ್ಲ. ನಾನೂ ನಕ್ಕೆ. ನೀನು ಆ ಕಡೆ ತಿರುಗಿದ್ದರಿಂದ ಕಾಣಲಿಲ್ಲ.

ಆ ನಗು ನಮಗಿಂತ ಮೊದಲು ಶಿವರಾಜನ ಅಂಗಡಿಗೆ ತಲುಪಿತ್ತು. ಮನೆಗೆ ಬಂದು ಅವನು ನಾಳೆಯಿಂದ ಕೆಲಸ ಬೇಡ ಅಂದಾಗ ನೀನು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ನಾನು ದೀಪ ಹಚ್ಚಬೇಕು ಅಂತ ಎದ್ದು ಒಳಗೆ ಹೋದೆ. ದೀಪ ಆಗಲೇ ಹಚ್ಚಿತ್ತು. ದೇವರ ಮುಂದೆ ನಿಂತು ಹೊರಗಿನ ಮಾತಿಗೆ ಕಿವಿ ಕೊಟ್ಟಿದ್ದೆ. ಅಂಥ ಪೂಜೆ ನಾನು ಬಹಳ ಮಾಡಿದ್ದೇನೆ, ಸಹನಾ.

ನನ್ನ ಮಗ ಕೆಟ್ಟವನಲ್ಲ. ಆಡಿದ್ದಕ್ಕೆ ಮಾರನೇ ದಿನವೇ ನಾಚಿಕೊಂಡ. ಅವನನ್ನು ಇಲ್ಲಿ ಕಟ್ಟಿರುವುದು ಅಂಗಡಿಯೂ ಅಲ್ಲ, ಹಟವೂ ಅಲ್ಲ, ಹೂವು. ಅದರ ಕಥೆಯನ್ನು ಅವನು ನಿನಗೆ ಅರ್ಧ ಹೇಳಿರಬಹುದು, ಉಳಿದದ್ದು ಅವನಿಗೂ ತಿಳಿಯದು.

ಆರು ವರ್ಷದ ಹಿಂದೆ ಅವನಿಗೆ ಇಪ್ಪತ್ಮೂರು. ದುರ್ಗದ ಗುಡ್ಡದ ಮೇಲೆ ತಿರುಗುತ್ತವಲ್ಲ ಗಾಳಿ ಫ್ಯಾನು, ಅವುಗಳ ರಿಪೇರಿ ಕಲಿತಿದ್ದ. ಕಂಪನಿಯವರು ಗುಜರಾತಿನ ಕಚ್ಚಿಗೆ ಕಳಿಸುತ್ತೇವೆ, ಆಮೇಲೆ ಎಲ್ಲೆಲ್ಲಿ ಫ್ಯಾನು ಇದೆಯೋ ಅಲ್ಲೆಲ್ಲ ಕೆಲಸ ಅಂದರು. ಸಂತೆಯಲ್ಲಿ ನೀಲಿ ಬ್ಯಾಗು ಕೊಂಡುತಂದು ಮೂರು ದಿನ ಬಟ್ಟೆ ತುಂಬಿದ, ತೆಗೆದ, ತುಂಬಿದ. ಅಮ್ಮನ್ನ ಒಂದು ಮಾತು ಕೇಳಾಣ ಅಂದೆ. "ಕೇಳವ್ವ. ಆಯಮ್ಮ ಹೆಂಗಂದ್ರೆ ಹಂಗೆ" ಅಂದ. ನನಗಿಂತ ಹೆಚ್ಚು ನಂಬಿದವನು ಅವನು.

ಅವನು ದೇವಸ್ಥಾನದ ಹೊರಗೆ ಕಾಲು ತೊಳೆಯುತ್ತಿದ್ದ. ಪೂಜಾರಿ ಜಂಬಣ್ಣ ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಆರತಿ ಸಿದ್ಧ ಮಾಡಲು ಹಿಂದೆ ತಿರುಗಿದ. ಮಗ ಊರಲ್ಲೇ ಇರಬೇಕು ಅಂದರೆ ಬಲಕ್ಕೆ ಕೊಡು ತಾಯಿ ಅಂತ ಕೇಳಿಕೊಂಡೆ. ಹೂವು ಬಿತ್ತು. ಬಿದ್ದದ್ದನ್ನು ಎತ್ತಿ ಕಣ್ಣಿಗೊತ್ತಿಕೊಂಡೆ. "ಯಾವ್ ಕಡೀಕೆ ಕೊಟ್ಲವ್ವ?" ಅಂದ ಜಂಬಣ್ಣ. ಬಲಕ್ಕೆ ಅಂದೆ. ಬಾಗಿಲಲ್ಲಿ ನಿಂತಿದ್ದ ಶಿವರಾಜ ಕೇಳಿಸಿಕೊಂಡ. ಮತ್ತೆ ಒಂದು ಮಾತೂ ಕೇಳಲಿಲ್ಲ. ಬ್ಯಾಗನ್ನು ಅಟ್ಟಕ್ಕೆ ಹಾಕಿದ. ನೀನು ತವರಿಗೆ ಹೋಗುವಾಗ ಧೂಳು ಕೊಡವಿಕೊಂಡು ಹೋದೆಯಲ್ಲ, ಅದೇ ಬ್ಯಾಗು.

ಅವನು ಹೋಗಬಾರದು ಅಂತ ನನಗೇಕೆ ಅಷ್ಟು ಇತ್ತು? ಈಗ ನೀನೂ ಈ ಮನೆಯಲ್ಲಿ ಎಂಟು ತಿಂಗಳು ಉಂಡಿದ್ದೀಯ, ಮುಚ್ಚಿ ಏನು ಮಾಡಲಿ. ನಿನ್ನ ಮಾವನವರೂ ನಾನೂ ಮಾತು ಬಿಟ್ಟು ಹನ್ನೊಂದು ವರ್ಷ. ಕಾರಣ ಮರೆತಿದೆ ಅಂದರೆ ಸುಳ್ಳಾಗುತ್ತದೆ. ನೆನಪಿದೆ, ಬರೆಯುವಷ್ಟು ದೊಡ್ಡದಲ್ಲ. "ಶಿವು, ನಿಮ್ಮವ್ವಂಗೆ ಹೇಳು, ಸಾರಿಗೆ ಉಪ್ಪಿಲ್ಲ." "ಶಿವು, ನಿಮ್ಮಪ್ಪಂಗೆ ಹೇಳು, ಉಪ್ಪು ಮುಂದೇ ಐತೆ." ಮೊದಲ ದಿನ ಅದನ್ನು ತಮಾಷೆ ಅಂದುಕೊಂಡು ನೀನು ಬಿದ್ದು ಬಿದ್ದು ನಕ್ಕಿದ್ದೆ. ತಿಂಗಳೊಳಗೆ ನೀನೂ "ಅತ್ತೆ, ಮಾವ ನೀರು ಕೇಳ್ತಾರೆ" ಅನ್ನತೊಡಗಿದೆ. ಮಗ ಕಚ್ಚಿಗೆ ಹೋಗಿದ್ದರೆ ಈ ಮನೆಯಲ್ಲಿ ಎರಡು ಬಾಯಿ ಇರುತ್ತಿತ್ತು, ಮಾತು ಇರುತ್ತಿರಲಿಲ್ಲ. ಅಷ್ಟೇ ಕಾರಣ. ಮಗನ ಮೇಲಿನ ಪ್ರೀತಿ ಅಂತ ಊರಿಗೆಲ್ಲ ಹೇಳಿಕೊಂಡೆ.

ಇನ್ನೊಂದು ನೆನಪು. ದಾವಣಗೆರೆ ಕೆಲಸಕ್ಕೆ ಸೇರುವ ಮುಂಚೆ ನನ್ನ ಬಲವಂತಕ್ಕೆ ನೀನೂ ಅಮ್ಮನನ್ನು ಕೇಳಿದ್ದೆ. ಹೂವು ಬಿದ್ದ ಕೂಡಲೇ "ಬಲಕ್ಕೆ ಬಿತ್ತು ಅತ್ತೆ!" ಅಂತ ಕುಣಿದೆ. ನಾನು ಎಲ್ಲರ ಮುಂದೆ ನಿನ್ನನ್ನು ತಿದ್ದಿದೆ. ಅದು ನಿನ್ನ ಬಲ ಕಣೆ ತಾಯಿ. ಅಮ್ಮ ನಮ್ಮ ಕಡೆಗೆ ಮುಖ ಮಾಡಿ ಕುಳಿತವಳೆ, ಆಕೆಗೆ ಅದು ಎಡ. ನಮ್ಮ ಬಲ ಲೆಕ್ಕಕ್ಕಿಲ್ಲ, ಅಮ್ಮನ ಬಲಗಡೆ ಬಿದ್ದರೆ ಮಾತ್ರ ಹೂಂ ಅಂತ ಅರ್ಥ ಅಂದೆ. "ಹಂಗಾದ್ರೆ ಅಮ್ಮನ ಹಿಂದೆ ಹೋಗಿ ನಿಂತ್ಕಂಡ್ರೆ ಇಬ್ರ ಬಲನೂ ಒಂದೇ ಆಗ್ತೈತಲ್ಲ ಅತ್ತೆ?" ಅಂದೆ ನೀನು. ಜಂಬಣ್ಣ ತಟ್ಟೆ ಕೆಳಗಿಟ್ಟು ನಕ್ಕ. "ಲೆಕ್ಕದಾಗೆ ಗಟ್ಟಿ ಐತೆ ಕಣವ್ವ ನಿನ್ ಸೊಸೆ!" ನಾನು ಮಾತ್ರ ಹುಡುಗಾಟ ಆಡಬೇಡ ಅಂತ ಸಿಡುಕಿದೆ. ದಾರಿಯುದ್ದಕ್ಕೂ ಮಾತಾಡಲಿಲ್ಲ. ನಿನ್ನ ಮೇಲೆ ಸಿಟ್ಟು ಅಂತ ತಿಳಿದು ನೀನು ಎರಡು ಸಲ ತಪ್ಪಾಯ್ತು ಅಂದೆ. ಕೆಲಸಕ್ಕೆ ಮಾತ್ರ ಸೇರಿಯೇ ಸೇರಿದೆ, ನಾನೂ ತಡೆಯಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟು. ನಿನ್ನ ವಯಸ್ಸಿನವರು ಸಾಯಂಕಾಲ ಹೋಗುವ ಜಾಗ ನಮ್ಮ ಊರಲ್ಲಿ ಇಲ್ಲ. ಮುಂದೆ ಆಗಬಹುದು. ನಿನ್ನಂಥವರು ಹತ್ತು ಜನ ಹಟ ಹಿಡಿದು ಇಲ್ಲೇ ಇದ್ದರೆ ಆಗಬಹುದು. ಆದರೆ ಆ ಹಟ ನಿನ್ನದಾಗಿರಬೇಕು. ಬೇರೆಯವರು ದೇವರ ಹೆಸರು ಹೇಳಿ ಕೂರಿಸಿದ್ದು ಆಗಬಾರದು.

ಸೋಮವಾರ ಕೆಲಸಕ್ಕೆ ಸೇರು. ಅವನು ಬರುತ್ತಾನೋ ಇಲ್ಲವೋ ಅಂತ ಬಸ್ ಸ್ಟ್ಯಾಂಡು ನೋಡುತ್ತಾ ನಿಲ್ಲಬೇಡ. ಬೀಗರಿಗೆ ನನ್ನ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅತ್ತೆ,
ರೇಣುಕಮ್ಮ

ಮರೆತ ಮಾತು (ಮರೆತದ್ದಲ್ಲ, ಮುಚ್ಚಿಟ್ಟದ್ದು): ಇವತ್ತು ಶುಕ್ರವಾರ. ಕಾಗದ ಎರಡು ದಿನದಿಂದ ಅಮ್ಮನ ಪಟದ ಹಿಂದಿತ್ತು. ನೀನು ಲೆಕ್ಕದಲ್ಲಿ ಗಟ್ಟಿ, ಆಗಲೇ ತಿಳಿದಿರುತ್ತೀಯ. ಆರು ವರ್ಷದ ಹಿಂದೆ ಹೂವು ಬಿದ್ದದ್ದು ನನ್ನ ಬಲಕ್ಕೆ. ಅಮ್ಮನ ಬಲಕ್ಕಲ್ಲ. ಬಲಕ್ಕೆ ಅಂದದ್ದು ಸುಳ್ಳಲ್ಲ ಅಂತ ಇಷ್ಟು ವರ್ಷ ಅಮ್ಮನಿಗೇ ವಾದ ಹೇಳಿಕೊಂಡು ಬಂದೆ.

ಇದನ್ನು ಶಿವರಾಜನಿಗೆ ನೀನೇ ಹೇಳು ಅಂತ ಬರೆಯಲು ಪೆನ್ನು ಎತ್ತಿದ್ದೆ. ಆಮೇಲೆ ಕೈ ನಿಂತಿತು. ಇವತ್ತು ಬೆಳಿಗ್ಗೆ ನಿನ್ನ ಮಾವನವರ ಮುಂದೆ ಹೋಗಿ ನಿಂತು, ಹನ್ನೊಂದು ವರ್ಷದ ಮೇಲೆ, ರೀ ಅಂದೆ. ಎಲ್ಲವನ್ನೂ ಹೇಳಿದೆ. ಅವರು ಗೋಡೆಗಲ್ಲ, ನನಗೇ ಹೇಳಿದರು: "ಹೋಗಿ ಅವನಿಗೆ ನೀನೇ ಹೇಳು. ನನ್ ಕೈಲಿ ಹೇಳಿಸ್ಬ್ಯಾಡ."

ಅಂಗಡಿಯ ಶಟರು ಎತ್ತಿದ ಸದ್ದು ಈಗ ಕೇಳಿತು. ಮೊದಲು ಅಲ್ಲಿಗೆ ಹೋಗುತ್ತೇನೆ. ಅಂಚೆಗೆ ಹಾಕುವುದು ಆಮೇಲೆ. ಈ ಕಾಗದ ನಿನ್ನ ಕೈ ಸೇರಿದರೆ, ಹೇಳಿದ್ದೇನೆ ಅಂತ ತಿಳಿ.